ನಾಣ್ಯದ ಅಣ್ಣತಮ್ಮಂದಿರು

“ಅಣ್ಣ ನನ್ನ ಕಣ್ಣು ಕೀಳಿಸಲೇ ಇಲ್ಲವಂತೆ!” ಎಂದು ಕೂಗುತ್ತ ತಮ್ಮ ತಾಲೀಮಿನ ಕೋಣೆಗೆ ನುಗ್ಗಿದ. ಅವನ ಹಿಂದೆಯೇ ಏದುಸಿರು ಬಿಡುತ್ತ ಇತಿಹಾಸದ ಮೇಷ್ಟ್ರು ಬಂದರು. ನಾಳೆ ಸಂಜೆ ನಾಟಕ. ಅಣ್ಣ ಕಿರೀಟ ಇಟ್ಟುಕೊಂಡೇ ಸಿಂಹಾಸನದಲ್ಲಿ ಕೂತು ಟೀ ಹೀರುತ್ತಿದ್ದ. ಅತ್ತಿಗೆ ಅವನ ಕಾಲ ಬುಡದಲ್ಲಿ ಕೂತು ರಾಜನ ನಿಲುವಂಗಿಯ ಹರಿದ ಅಂಚು ಹೊಲಿಯುತ್ತಿದ್ದಳು.

ಕಂಪನಿ ಅಪ್ಪ ಕಟ್ಟಿದ್ದು, ನಾಟಕವೂ ಅಪ್ಪನೇ ಹಳೆಯ ಕಾವ್ಯವೊಂದರಿಂದ ಮಾಡಿಕೊಂಡದ್ದು. ಪಟ್ಟದ ಆಸೆಗೆ ರಾಜ ಒಡಹುಟ್ಟಿದ ತಮ್ಮನ ಕಣ್ಣು ಕೀಳಿಸಿ ಸೆರೆಗೆ ತಳ್ಳುತ್ತಾನೆ; ತಮ್ಮ ಅಲ್ಲೇ ಸಾಯುತ್ತಾನೆ; ಕೊನೆಯ ಅಂಕದಲ್ಲಿ ರಾಜ ಆ ಹೆಣದ ಮೇಲೆ ಬಿದ್ದು ಗೋಳಾಡಿ ತಾನೂ ಪ್ರಾಣ ಬಿಡುತ್ತಾನೆ. ಹುಟ್ಟಿದ ಕ್ರಮದಲ್ಲೇ ಪಾತ್ರ ಹಂಚಿ ಅಪ್ಪ ಕಣ್ಣು ಮುಚ್ಚಿದ್ದ. ಹೀಗಾಗಿ ಮೀಸೆ ನರೆತರೂ ತಮ್ಮನಿಗೆ ಬಡ್ತಿಯಿಲ್ಲ. ಕೊನೆಯ ಅಂಕ ಪೂರ್ತಿ ಅವನು ಹೆಣವಾಗಿ ಬಿದ್ದಿರಬೇಕು, ಅಣ್ಣ ಮೈಮೇಲೆ ಬಿದ್ದು ಅಳಬೇಕು. ಆ ಅಳುವಿನಲ್ಲಿ ಕಣ್ಣೀರಿಗಿಂತ ಎಂಜಲೇ ಜಾಸ್ತಿ. ಚಪ್ಪಾಳೆಯೆಲ್ಲ ಅಣ್ಣನಿಗೆ, ಎಂಜಲೆಲ್ಲ ತಮ್ಮನಿಗೆ! ಅವನ ಹೊಟ್ಟೆ ಉರಿಯದೆ ಇದ್ದೀತೇ?

“ನಿಜವಾಗಿ ಅಂಥದ್ದೇನೂ ನಡೆದೇ ಇಲ್ಲ,” ಎಂದು ಮೇಷ್ಟ್ರು ಚೀಲದಿಂದ ಹಳೆಯ ನಾಣ್ಯವೊಂದರ ದೊಡ್ಡ ಚಿತ್ರ ತೆಗೆದು ಹಿಡಿದರು. “ನೋಡಿ, ಒಂದೇ ಸಿಂಹಾಸನ, ಇಬ್ಬರೂ ಅಕ್ಕಪಕ್ಕ. ಅಣ್ಣತಮ್ಮಂದಿರು ಕೂಡಿ ರಾಜ್ಯ ಆಳಿದ್ದಾರೆ. ಆ ಕಾವ್ಯ ಬರೆದ ಕವಿ ಇದ್ದದ್ದು ಅವರ ಶತ್ರುಗಳ ಆಸ್ಥಾನದಲ್ಲಿ. ಉಂಡ ಮನೆಯ ಋಣ ತೀರಿಸಿದ್ದಾನೆ, ಅಷ್ಟೆ.”

“ಹುಟ್ಟುತ್ತ ಅಣ್ಣತಮ್ಮಂದಿರು, ಬೆಳೀತಾ ದಾಯಾದಿಗಳು ಅಂತ ಗಾದೆ ಇದೆಯಲ್ಲ, ಅದೂ ಸುಳ್ಳಾ ಮೇಷ್ಟ್ರೇ?” ಎಂದ ಅಣ್ಣ.

“ಗಾದೆ ಆಧಾರ ಅಲ್ಲ. ನಾಣ್ಯ ಆಧಾರ.”

“ಸರಿ, ಹಂಗಾದ್ರೆ ಕೊನೆಗೆ ಸಾಯೋದು ಯಾರು?”

“ಇಬ್ಬರೂ ಮುದುಕರಾಗಿ ಸತ್ತರು. ತಮ್ಮ ಜ್ವರ ಬಂದು, ಅಣ್ಣ ಅಜೀರ್ಣ ಆಗಿ.”

“ಅಜೀರ್ಣಕ್ಕೆ ಯಾವನ್ರೀ ಅಳ್ತಾನೆ?” ಅಣ್ಣನಿಗೆ ಟೀ ನೆತ್ತಿಗೇರಿತು.

“ಅತ್ರೆ ಅಳಲಿ, ಬಿಟ್ರೆ ಬಿಡಲಿ. ನನಗೆ ಸತ್ಯ ಮುಖ್ಯ,” ಎಂದ ತಮ್ಮ. ಸತ್ಯದ ಮೇಲೆ ಅವನಿಗೆ ಇಷ್ಟು ಪ್ರೀತಿ ಉಕ್ಕಿದ್ದನ್ನು ಮನೆಯವರು ಯಾರೂ ಹಿಂದೆ ಕಂಡಿರಲಿಲ್ಲ. “ಇನ್ಮೇಲೆ ಸುಳ್ಳು ನಾಟಕದಲ್ಲಿ ನಾನು ಸಾಯಲ್ಲ. ಒಂದೋ ನಾನೂ ಪಟ್ಟದ ಮೇಲೆ ಕೂರಬೇಕು, ಇಲ್ಲಾ ನಾಳೆಗೆ ಬೇರೆ ಹೆಣ ಹುಡುಕ್ಕೋ.”

ಟಿಕೆಟ್ಟೆಲ್ಲ ಮಾರಿ ಆಗಿತ್ತು. ಒಂದು ದಿನದಲ್ಲಿ ಒಳ್ಳೆಯ ಹೆಣ ಎಲ್ಲಿಂದ ತರುವುದು? ಅಣ್ಣ ಹಲ್ಲು ಕಚ್ಚಿಕೊಂಡು ಪಕ್ಕಕ್ಕೆ ಸರಿದ. “ಬಾರಪ್ಪ, ಕೂತ್ಕೋ. ಅದೊಂದನ್ನೂ ನೋಡೇಬಿಡೋಣ.”

ತಮ್ಮ ಕೂತ. ಅಪ್ಪ ತನ್ನ ಅಳತೆಗೆ ಮಾಡಿಸಿದ್ದ ಸಿಂಹಾಸನ ಅದು. ಅಪ್ಪನೋ ಒಣಕಲು ಆಸಾಮಿ. ಇವನು ಒತ್ತಿದರೆ ಅವನು ಅಂಚಿಗೆ, ಅವನು ಒತ್ತಿದರೆ ಇವನು ಅಂಚಿಗೆ. ಮೇಷ್ಟ್ರು ಮಾತ್ರ ಹಾಲು ಕುಡಿದಷ್ಟು ಸಂತೋಷದಿಂದ ಚಿತ್ರವನ್ನೂ ಇವರನ್ನೂ ತಾಳೆ ನೋಡುತ್ತಿದ್ದರು. “ಆಹಾ, ಥೇಟ್ ನಾಣ್ಯವೇ! ಕಿರೀಟ ಮಾತ್ರ ಇಬ್ಬರಿಗೂ ಬೇಕು.”

ಇದ್ದದ್ದು ಒಂದೇ ಕಿರೀಟ. ತಮ್ಮ ಅದಕ್ಕೆ ಕೈಹಾಕಿದ.

“ಕೈ ತೆಗಿ. ಅಪ್ಪ ಇಟ್ಟಿದ್ದು ಇದು, ನನ್ನ ತಲೆ ಮೇಲೆ.”

“ನನಗಿಂತ ಮೊದಲು ಹುಟ್ಟಿದ್ದು ಬಿಟ್ರೆ ನೀನು ಕಡಿದು ಕಟ್ಟೆ ಹಾಕಿದ್ದೇನು?”

“ಏನಂದೆ?”

“ಅಂದಿದ್ದು ಕೇಳಿಸ್ತಲ್ಲ! ಆಯಸ್ಸೆಲ್ಲ ನಿನ್ನ ಎಂಜಲಲ್ಲೇ ನೆನೆದಿದ್ದೀನಿ. ನಿನಗೆ ರಾಜನ ಪಾರ್ಟು ಬರಲ್ಲ ಅಂತ ಅಪ್ಪನಿಗೂ ಗೊತ್ತಿತ್ತು!”

ಸಿಂಹಾಸನದ ತೋಳು ಲಟಕ್ಕನೆ ಮುರಿಯಿತು. ಕಿರೀಟ ಉರುಳಿ ಅತ್ತಿಗೆಯ ಮಡಿಲಿಗೆ ಬಿತ್ತು. ಅಣ್ಣ ಎದ್ದು ನಿಂತ. ಮುಖ ಕಪ್ಪಿಟ್ಟಿತ್ತು, ಬೆರಳು ತಮ್ಮನ ಮೂಗಿಗೆ ತಾಗುವಷ್ಟು ಹತ್ತಿರ ಬಂದಿತ್ತು.

“ಯಾರಲ್ಲಿ! ಇವನ ಕಣ್ಣು ಕೀಳಿಸಿ!”

ನಾಟಕದ ಎರಡನೇ ಅಂಕದ ಮಾತು ಅದು. ಇಷ್ಟು ವರ್ಷವೂ ಅಣ್ಣ ಅದನ್ನು ಇನ್ನೊಂದು ಟೀ ತರಲು ಹೇಳಿದಷ್ಟೇ ಸಲೀಸಾಗಿ ಹೇಳಿಕೊಂಡು ಬಂದಿದ್ದ. ಇವತ್ತು ಕಿಟಕಿಯ ಗಾಜು ಅದುರಿತು. ತಮ್ಮನ ಎರಡೂ ಕೈ ತಾವಾಗಿಯೇ ಕಣ್ಣು ಮುಚ್ಚಿಕೊಂಡವು. ಅವನಿಗೆ ನಿಜವಾಗಿಯೂ ಹೆದರಿಕೆಯಾಗಿತ್ತು. ಅಣ್ಣನಿಗೆ ಅದಕ್ಕಿಂತ ಹೆಚ್ಚು ಹೆದರಿಕೆಯಾಗಿತ್ತು. ಅವನು ತನ್ನ ಬೆರಳನ್ನೇ ನೋಡಿಕೊಳ್ಳುತ್ತ ನಿಂತುಬಿಟ್ಟ.

ಆಮೇಲೆ ತಮ್ಮ ನಿಧಾನವಾಗಿ ಕೈ ಇಳಿಸಿದ. ಎಷ್ಟಾದರೂ ಬಣ್ಣ ಹಚ್ಚಿ ಬೆಳೆದ ಜೀವ.

“ಅಣ್ಣಾ,” ಎಂದ. “ನಾಳೆ ಇದನ್ನ ಹೀಗೇ ಹೇಳು. ನಾನೇ ಹೆಣ ಆಗ್ತೀನಿ.”

“ಛೆ ಛೆ, ಇದೇನಿದು!” ಮೇಷ್ಟ್ರು ಚಡಪಡಿಸಿದರು. “ಇದಕ್ಕೆ ಒಂದೂ ಆಧಾರ ಇಲ್ಲ ಅಂತ ಆಗಲಿಂದ ಹೇಳ್ತಿದ್ದೀನಿ. ನಾಣ್ಯದಲ್ಲಿ ಹೇಗಿದ್ದಾರೆ ನೋಡಿ, ಎಷ್ಟು ಹೊಂದಿಕೊಂಡು ಕೂತಿದ್ದಾರೆ!”

ಅತ್ತಿಗೆ ಹಲ್ಲಿನಿಂದ ದಾರ ಕಡಿದು ತಲೆಯೆತ್ತಿದಳು. “ಮೇಷ್ಟ್ರೇ, ನಿಮಗೆ ಒಡಹುಟ್ಟಿದವರು ಯಾರೂ ಇಲ್ಲ ಅಂತ ಕಾಣುತ್ತೆ.”

“ಇಲ್ಲದೆ ಏನಮ್ಮ, ಅಣ್ಣ ಒಬ್ಬ ಇದ್ದಾನೆ.” ಮೇಷ್ಟ್ರು ಚಿತ್ರವನ್ನು ಮಡಚತೊಡಗಿದರು. “ಮಾತು ಬಿಟ್ಟು ಎಷ್ಟು ವರ್ಷ ಆಯ್ತೋ. ಎದುರಿಗೆ ಬಂದ್ರೆ ಇಬ್ರೂ ರಸ್ತೆ ದಾಟಿಬಿಡ್ತೀವಿ. ಮನೆಯ ಗೋಡೆ ಮೇಲಿನ ಫೋಟೋದಲ್ಲಿ ಮಾತ್ರ ಹೆಗಲ ಮೇಲೆ ಕೈ ಹಾಕ್ಕೊಂಡು ನಿಂತಿದ್ದೀವಿ.”