ತುದಿ ಮುಟ್ಟಿದ ಚೆಂಡು

ಲಿಫ್ಟ್ ಮೆಕ್ಯಾನಿಕ್ ಸೋದರಮಾವ ಚಲನೆಯ ಪಾಠ ಶುರುಮಾಡಿದರೆ ಗೋಡೆ ಗಡಿಯಾರವೂ ಕೆಳಗಿಳಿದು ಬಂದು ನೋಟ್ಸ್ ಬರೆದುಕೊಳ್ಳುತ್ತದಂತೆ. ಹಾಗೆಂದು ಅವನೇ ಹೇಳಿದ್ದ. ಅಕ್ಕನ ಮಗಳಿಗೆ ಮಾತ್ರ ತಲೆ ಕೆಟ್ಟು ಗೊಬ್ಬರವಾಗಿತ್ತು. ನಾಳೆ ಫಿಸಿಕ್ಸ್ ಮರುಪರೀಕ್ಷೆ, ಇದರಲ್ಲೂ ಫೇಲಾದರೆ ವರ್ಷವೇ ಹೋದಂತೆ.

"ಮೇಲಕ್ಕೆಸೆದ ಚೆಂಡು ತುತ್ತತುದಿ ಮುಟ್ಟಿದಾಗ ವೇಗ ಸೊನ್ನೆ, ವೇಗೋತ್ಕರ್ಷವೂ ಸೊನ್ನೆ. ಬರ್ಕೋ," ಎಂದ ಮಾವ.

ಅವಳು ನಾಲ್ಕನೇ ಸಲ ಅಳಿಸಿದಳು. ಹಾಳೆ ತೂತಾಯಿತು. "ಪುಸ್ತಕದಲ್ಲಿ ವೇಗೋತ್ಕರ್ಷ ಒಂಬತ್ತು ಪಾಯಿಂಟ್ ಎಂಟು ಅಂತಿದೆ ಮಾವ!"

"ಪುಸ್ತಕ ಬರೆದೋರು ಯಾವತ್ತಾದ್ರೂ ಲಿಫ್ಟ್ ರಿಪೇರಿ ಮಾಡಿದ್ದಾರಾ? ಕೊನೇ ಮಹಡೀಲಿ ನಿಂತ ಲಿಫ್ಟು ನಿಂತೇ ಇರುತ್ತೆ."

"ಲಿಫ್ಟಿಗೆ ಬ್ರೇಕಿದೆ. ಚೆಂಡನ್ನ ಭೂಮಿ ತುದೀಲೂ ಎಳೀತಾನೇ ಇರುತ್ತೆ!" ಅವಳು ರೇಗಿ ರಬ್ಬರನ್ನು ಮೇಲಕ್ಕೆಸೆದಳು. "ಎಲ್ಲಿ, ಇದನ್ನ ಅಲ್ಲೇ ನಿಲ್ಸಿ ನೋಡೋಣ!"

ರಬ್ಬರು ನೇರವಾಗಿ ಅವನ ಬೋಳುತಲೆಗೆ ಬಡಿದು ಮೇಜಿನಡಿ ಉರುಳಿತು.

"ನಿಜ ಹೇಳಿ ಮಾವ, ಫಿಸಿಕ್ಸಲ್ಲಿ ನಿಮಗೆಷ್ಟು ಬಂದಿತ್ತು?"

ರಬ್ಬರು ಹುಡುಕುವ ನೆಪದಲ್ಲಿ ಮಾವ ಮೇಜಿನಡಿ ಸೇರಿಕೊಂಡ. ಅಲ್ಲಿಂದಲೇ ಸಣ್ಣ ದನಿ ಬಂತು:

"ಮೂರು ಸಲ ಬರೆದೆ ಕಣೇ, ಮೂರು ಸಲಾನೂ ಡುಮ್ಕಿ. ಇವತ್ತಿಗೂ ನಂಗೆ ಇದು ಅರ್ಥ ಆಗಿಲ್ಲ. ನೀನು ಪುಸ್ತಕದಲ್ಲಿರೋದನ್ನೇ ಬರಿ."