ಕೊರಲಿ ಹಾಕಿದ ಹೊಲಿಗೆ

ಕಾರು ನೋಡಲು ಗಿರಾಕಿ ಬರುವ ದಿನ ಡೆಂಜಿಲ್ ತಿಂಡಿಯನ್ನೂ ತಿನ್ನದೆ ಗಾಳ, ಬಕೆಟ್ಟು ಎತ್ತಿಕೊಂಡು ತಮ್ಮ ವಾಲರೂ ಊರಿನಲ್ಲಿ ಕಡಲಿಗೆ ಚಾಚಿದ್ದ ಜೆಟ್ಟಿಯ ಕಡೆ ಹೊರಟುಬಿಟ್ಟ. ಹೋಗುವಾಗ ಕೀಲಿಕೈಯನ್ನು ಅಡುಗೆಮನೆಯ ಮೇಜಿನ ಮೇಲಿಟ್ಟು ಹೆಂಡತಿಗೆ, "ನೀನೇ ಮಾತಾಡಿ ಕೊಟ್ಟುಬಿಡು ಕೊರಲಿ. ನನ್ನಿಂದ ಆಗಲ್ಲ," ಅಂದ.

ಮಾರೋಣ ಎಂದವಳು ಅವಳೇ. ಹಿಂದಿನ ಶನಿವಾರ ಅಡಿಲೇಡಿನಲ್ಲಿ ತಂಗಿಯ ಮಗಳ ಮದುವೆಗೆ ಹೊರಟಿದ್ದಾಗ, ಗೋಧಿ ಹೊಲಗಳ ನಡುವೆ ಕಾರು ಉಸ್ಸೆಂದು ಕುಳಿತುಬಿಟ್ಟಿತ್ತು. ಆ ದೊಡ್ಡ ಎಸ್‌ಯುವಿಯ ಚಕ್ರಗಳ ಮೇಲೆ ಸ್ಪ್ರಿಂಗ್ ಇಲ್ಲ, ಗಾಳಿ ತುಂಬಿದ ರಬ್ಬರ್ ಚೀಲಗಳಿವೆ. ಹೊಸತರಲ್ಲಿ ಸಾಹುಕಾರರು ಮುಗಿಬಿದ್ದು ಕೊಂಡದ್ದು ಅದಕ್ಕಾಗಿಯೇ. ಹಳತಾಗಿ ಚೀಲಗಳು ಸೋರತೊಡಗಿದ ಮೇಲೆ ಅವರೆಲ್ಲ ಕೈಬಿಟ್ಟದ್ದೂ ಅದಕ್ಕಾಗಿಯೇ. ಡೆಂಜಿಲನಂಥವರು ಅಲ್ಲಿಂದ ಮುಂದಕ್ಕೆ ಸಾಕಿಕೊಂಡರು. ಕೊರಲಿ ಮದುವೆಗೆಂದು ಕೊಂಡ ಟೋಪಿಯಿಂದ ನೊಣ ಓಡಿಸುತ್ತ, ಇನ್ನೊಂದು ಕೈಯಲ್ಲಿ ಸ್ಪ್ಯಾನರ್ ಹಿಡಿದು ರಸ್ತೆಬದಿಯಲ್ಲಿ ನಿಂತಳು. ಕೋಟು ತೊಟ್ಟೇ ಕಾರಿನಡಿಗೆ ನುಸುಳಿದ್ದ ಡೆಂಜಿಲ್, ಅತ್ತ ಮದುವೆ ಮುಗಿಯುವ ಹೊತ್ತಿಗೆ ಮುಖದ ತುಂಬ ಮಸಿ ಬಳಿದುಕೊಂಡು, ನಗುತ್ತ ಹೊರಬಂದ. ಅವಳಿಗೆ ಪಿತ್ತ ನೆತ್ತಿಗೇರಿದ್ದು ಆ ನಗುವಿಗೆ. ಸಾಕು, ಇದನ್ನು ಮಾರು ಎಂದಳು. ಅವನು ಒಂದು ಮಾತೂ ಎದುರಾಡದೆ ಅದೇ ಸಂಜೆ ಜಾಹೀರಾತು ಹಾಕಿದ. ಅದರಲ್ಲಿ ಕಾರಿನ ಗುಣಕ್ಕಿಂತ ದೋಷಗಳೇ ಹೆಚ್ಚಾಗಿದ್ದವು. ಜಗಳವಾಡಿದ್ದರೆ ಕೊರಲಿಗೆ ಎಷ್ಟೋ ಹಾಯೆನಿಸುತ್ತಿತ್ತು.

ಗಿರಾಕಿಯ ಹೆಸರು ಜಾರಡ್. ಮಿರಮಿರ ಮಿಂಚುವ ಹೊಸ ಗಾಡಿಯಲ್ಲಿ ಬಂದವನು ಕಪ್ಪು ಕನ್ನಡಕವನ್ನೂ ತೆಗೆಯದೆ ಕಾರಿನ ಸುತ್ತ ಒಂದು ಸುತ್ತು ಹಾಕಿ, ಎರಡು ಚಕ್ರಗಳನ್ನು ಒದ್ದು ನೋಡಿದ. ಸ್ಟಾರ್ಟ್ ಮಾಡಿದಾಗ ಎಂಜಿನ್ ಟಪಟಪ ಎಂದಿತು.

"ಎಂಜಿನ್ ಹೋಗಿದೆ," ಅಂದ.

"ಹೋಗಿಲ್ಲ. ತಣ್ಣಗಿದ್ದಾಗ ಹಾಗೆ ಗೊಣಗುತ್ತೆ. ಎಣ್ಣೆ ಮೇಲಕ್ಕೆ ಹತ್ತಲಿ, ತಾನೇ ಸುಮ್ಮನಾಗುತ್ತೆ," ಎಂದಳು ಕೊರಲಿ. ಹಾಗೆಯೇ ಆಯಿತು. ಹಿಂದಿನ ಕಿಟಕಿ ಇಳಿಯುವುದಿಲ್ಲವಲ್ಲ ಎಂದು ಅವನು ತಗಾದೆ ತೆಗೆದ. ಅವಳು ಬಾಗಿಲಿಗೆ ಅಂಗೈಯಲ್ಲಿ ಒಂದು ಗುದ್ದು ಕೊಟ್ಟು ಗುಂಡಿ ಒತ್ತಿದಳು. ಇಳಿಯಿತು. ನೀರು ಕುಡಿಯುತ್ತದೆಯೇ ಎಂದು ಕೇಳಿದ್ದಕ್ಕೆ, ಕುಡಿಯುತ್ತಿತ್ತು, ರೇಡಿಯೇಟರಿನ ಕೆಳಗಿನ ಪೈಪು ಬದಲಾಯಿಸಿದ ಮೇಲೆ ಇಲ್ಲ ಅಂದಳು. ಇದೆಲ್ಲ ತನಗೆ ಹೇಗೆ ಗೊತ್ತು ಎಂದು ಅವಳಿಗೇ ಸೋಜಿಗ. ದಿನಾ ರಾತ್ರಿ ಊಟದ ಹೊತ್ತಿಗೆ ಡೆಂಜಿಲ್ ಇದನ್ನೇ ಕೊರೆಯುತ್ತಿದ್ದ. ಅವಳು ಟಿವಿಯ ಮೇಲೆ ಕಣ್ಣಿಟ್ಟು ಹೂಂಗುಟ್ಟುತ್ತಿದ್ದಳು. ಒಂದಕ್ಷರವೂ ಕಿವಿಗೆ ಬಿದ್ದಿಲ್ಲ ಎಂದೇ ಇಷ್ಟು ವರ್ಷ ನಂಬಿದ್ದಳು.

ಜಾರಡ್ ಜಾಹೀರಾತಿನಲ್ಲಿದ್ದ ಬೆಲೆಗೇ ಒಪ್ಪಿದ. ಚೌಕಾಸಿಯೂ ಮಾಡಲಿಲ್ಲ. ಅವನಿಗೆ ಬೇಕಾದದ್ದು ಎಂಜಿನ್ ಮತ್ತು ಗೇರ್‌ಬಾಕ್ಸ್ ಮಾತ್ರವಂತೆ; ಉಳಿದದ್ದು ಗುಜರಿಗೆ. ಕೊರಲಿಗೆ ಕಸಿವಿಸಿಯಾಯಿತು. ಆದರೂ ಮಾತು ಕೊಟ್ಟಾಗಿದೆ, ಮುಗಿಸಿಬಿಡೋಣ ಎಂದು ಕೀಲಿಕೈ ಚಾಚಿದಳು. ಅವನು ಅದನ್ನು ತೆಗೆದುಕೊಳ್ಳುವ ಮೊದಲು ಡ್ರೈವರ್ ಸೀಟಿನ ಅಂಚಿನ ಮೇಲೆ ಬೆರಳಾಡಿಸಿ ನಕ್ಕ.

"ಚರ್ಮವೇನೋ ಒಳ್ಳೇದೇ ಇತ್ತು. ಈ ಹೊಲಿಗೆ ಹಾಕಿ ಯಾರೋ ಕೆಡಿಸಿದ್ದಾರೆ ನೋಡಿ. ಗೋಣಿಚೀಲ ಹೊಲಿದ ಹಾಗಿದೆ."

ಆ ಹೊಲಿಗೆ ಕೊರಲಿಯದು. ಹರಿದ ಸೀಟಿನ ಮೇಲೆ ಡೆಂಜಿಲ್ ಹಳೇ ಟವಲ್ ಹಾಸಿಕೊಂಡು ಓಡಾಡುವುದನ್ನು ನೋಡಲಾರದೆ, ದಪ್ಪ ಸೂಜಿ ತರಿಸಿ, ಬೆರಳಿಗೆ ಚುಚ್ಚಿಸಿಕೊಂಡು, ಅವನನ್ನೂ ಕಾರನ್ನೂ ಬೈದುಕೊಂಡೇ ಹಾಕಿದ್ದಳು. ಮುಗಿದಾಗ ಅವನು ಅದರ ಮೇಲೆ ಕೈಯಾಡಿಸಿ, ಕಂಪನಿಯವರೂ ಹೀಗೆ ಹೊಲಿಯಲ್ಲ ಅಂದಿದ್ದ. ಅವಳು ಆವತ್ತು ಮುಖ ತಿರುಗಿಸಿಕೊಂಡು ಒಳಗೆ ಹೋಗಿದ್ದಳು, ಖುಷಿ ಕಾಣಬಾರದೆಂದು.

ಕೀಲಿಕೈ ಚಾಚಿದ್ದ ಕೈ ಹಿಂದಕ್ಕೆ ಬಂತು.

"ಕಾರು ಮಾರಾಟ ಆಗಿಹೋಗಿದೆ," ಎಂದಳು.

"ಆಗಿಹೋಗಿದೆಯಾ? ಯಾವಾಗ?"

"ಈಗ ತಾನೇ."

ಅಷ್ಟು ದೂರದಿಂದ ಬಂದೆನಲ್ಲ ಎಂದು ಅವನು ರೇಗಿದ. ಅದು ನ್ಯಾಯವೇ ಅನಿಸಿ ಕೊರಲಿ ಒಳಗೆ ಹೋಗಿ ಮಾಂಸದ ಹೂರಣ ತುಂಬಿದ ಬಿಸಿ ಪೇಸ್ಟಿ ಒಂದನ್ನು ಕಾಗದದಲ್ಲಿ ಸುತ್ತಿ ತಂದು ಕೊಟ್ಟಳು. ಅವನು ಗೊಣಗುತ್ತಲೇ ಅದನ್ನು ತೆಗೆದುಕೊಂಡು ಹೊರಟುಹೋದ.

ಅವಳು ಆ ಕಾರನ್ನು ಒಮ್ಮೆಯೂ ಓಡಿಸಿರಲಿಲ್ಲ. ಹತ್ತಿ ಕುಳಿತು ಸೀಟನ್ನು ಮುಂದಕ್ಕೆಳೆದುಕೊಂಡಳು. ಗಾಳಿಚೀಲಗಳು ಉಬ್ಬಿ ಕಾರು ಮೆಲ್ಲಗೆ ಮೇಲೆದ್ದಿತು. ಬೇಲಿಯಾಚೆಯ ಪಕ್ಕದ ಮನೆಯ ಹಿತ್ತಲು, ಅದರಾಚೆಯ ಕಡಲು, ಎಲ್ಲ ಒಟ್ಟಿಗೆ ಕಂಡವು. ಜೆಟ್ಟಿಗೆ ನೇರ ದಾರಿಯಿತ್ತು. ಅವಳು ಗೋಧಿ ತುಂಬಿಡುವ ಕಣಜಗಳ ಸುತ್ತ ಬಳಸಿಕೊಂಡು, ಬೇಕೆಂದೇ ನಿಧಾನವಾಗಿ ಹೋದಳು.

ಡೆಂಜಿಲ್ ಜೆಟ್ಟಿಯ ಬುಡದಲ್ಲೇ ರಸ್ತೆಗೆ ಬೆನ್ನು ಹಾಕಿ ನಿಂತಿದ್ದ. ಬಕೆಟ್ಟಿನಲ್ಲಿ ಮೀನಿರಲಿ, ನೀರೂ ಇರಲಿಲ್ಲ. ಎಂಜಿನ್ನಿನ ಸದ್ದು ಕೇಳಿ ಅವನ ಹೆಗಲು ಬಿಗಿಯಿತು. ಆದರೂ ತಿರುಗಲಿಲ್ಲ. ಕೊಂಡವನು ಕಾರನ್ನು ಒಯ್ಯುತ್ತಿದ್ದಾನೆ ಎಂದುಕೊಂಡನೆಂದು ಅವಳಿಗೆ ತಿಳಿಯಿತು. ಹಾರ್ನ್ ಒತ್ತಿದಳು. ತಿರುಗಿದವನು ಕಾರನ್ನು ನೋಡಿದ, ಅವಳನ್ನು ನೋಡಿದ, ಮತ್ತೆ ಕಾರನ್ನು ನೋಡಿದ.

"ಬಂದವನಿಗೆ ಏನೂ ಗೊತ್ತಿರಲಿಲ್ಲ," ಎಂದಳು ಕೊರಲಿ. "ಅದಿರಲಿ, ಬಲಕ್ಕೆ ತಿರುಗಿಸಿದಾಗ ಅಡಿಯಲ್ಲೆಲ್ಲೋ ಕಟಕಟ ಅನ್ನುತ್ತಲ್ಲ, ಏನದು?"

"ಕಟಕಟ? ನನಗೆ ಯಾವತ್ತೂ ಕೇಳಿಸಿಲ್ಲ."

ಗಾಳ ಅಲ್ಲೇ ಬಿಟ್ಟು ಅವನು ದಾಪುಗಾಲು ಹಾಕುತ್ತ ಬಂದು, ರೂಢಿಯಂತೆ ಡ್ರೈವರ್ ಸೀಟಿನ ಬಾಗಿಲಿಗೆ ಕೈ ಹಾಕಿದ. ಕೊರಲಿ ಕದಲಲಿಲ್ಲ.

"ನೀನು ಆ ಕಡೆಯಿಂದ ಹತ್ತು," ಎಂದಳು. "ನಾನು ಓಡಿಸ್ತೀನಿ. ನೀನು ಬಾಯಿ ಮುಚ್ಚಿಕೊಂಡು ಕೇಳಿಸ್ಕೋ."