ಕೀ ತೆಗೆದ ಮೇಲೆ

ವಾಗೀಶ ಕೀ ತೆಗೆದರು. ಕಾರು ನಿಂತಿತು. ಹೇಳಿದ ಕೂಡಲೇ ಅದು ನಿಂತದ್ದು ಹನ್ನೊಂದು ವರ್ಷಗಳಲ್ಲಿ ಇದೇ ಮೊದಲು. ಚಾಮರಾಜಪುರಂನ ಆ ಬೀದಿಯೇ ಒಮ್ಮೆಗೆ ಕಿವುಡಾದಂತಾಯಿತು.

ಅದು ೧೯೭೪ರ ಕಾರು, ಚಿಕ್ಕಪ್ಪ ಅಮೆರಿಕದಿಂದ ಹಡಗಿನಲ್ಲಿ ತಂದದ್ದು. ಹೊಗೆ ಕಡಿಮೆಯಾಗಲೆಂದು ಆ ಕಾಲದವರು ಎಂಜಿನ್ನಿಗೆ ಒಂದು ಗಾಳಿ ಪಂಪು, ನಾಲ್ಕಾರು ರಬ್ಬರ್ ಕೊಳವೆ ಸುತ್ತಿ, ಪೆಟ್ರೋಲಿನಲ್ಲಿ ಪಥ್ಯ ಹಿಡಿಸಿದ್ದರು. ಪಥ್ಯದವರ ಸಿಡುಕೆಲ್ಲ ಅದಕ್ಕೂ ಬಂದಿತ್ತು. ಕೀ ತೆಗೆದ ಮೇಲೂ ಅರ್ಧ ನಿಮಿಷ ಕೆಮ್ಮುತ್ತ, ಕುಲುಕುತ್ತ ಓಡುತ್ತಿತ್ತು. ಹಾಗೆ ಬಿಟ್ಟು ಒಳಗೆ ಹೋಗಲಾರದೆ ವಾಗೀಶ ಬಾನೆಟ್ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದರು.

ಆ ಸದ್ದಿಗೆ ಪಕ್ಕದ ಮನೆಯ ಚೂಡಾಮಣಿ, ನಿವೃತ್ತ ಲೈಬ್ರರಿಯನ್, ಕಾಂಪೌಂಡಿನ ಆಚೆ ದಾಸವಾಳಕ್ಕೆ ನೀರು ಹಾಕಲು ಕ್ಯಾನ್ ಹಿಡಿದು ಬರುತ್ತಿದ್ದರು.

"ಅದಕ್ಕಿನ್ನೂ ಏನೋ ಹೇಳೋದಿದೆ ಕಣ್ರೀ."

"ಕೇಳೋವ್ರಿದಾರಲ್ಲ, ಹೇಳುತ್ತೆ."

ಒಮ್ಮೆ ಓದುತ್ತಿರುವ ಪುಸ್ತಕದ ಸುದ್ದಿ, ಒಮ್ಮೆ ಮೊಣಕಾಲಿನದು. ಕಾರು ನಿಂತರೆ ಸಭೆ ಮುಗಿದಂತೆ ಇಬ್ಬರೂ ಒಳಗೆ. ಆಕೆ ಮದುವೆಯಾದವರಲ್ಲ, ಇವರು ಹೆಂಡತಿಯನ್ನು ಕಳೆದುಕೊಂಡವರು. ಕಾರಣವಿಲ್ಲದೆ ನಿಂತರೆ ಎದುರುಮನೆಯ ಕಿಟಕಿ ತಾನಾಗಿ ತೆರೆದುಕೊಳ್ಳುತ್ತಿತ್ತು.

ಅಂದು ಹೊಗೆ ತಪಾಸಣೆಗೆ ಮುನ್ನ ಒಮ್ಮೆ ತೋರಿಸೋಣವೆಂದು ಹೂಟಗಳ್ಳಿಯ ಮಹೇಂದ್ರನ ಗ್ಯಾರೇಜಿಗೆ ಹೋದದ್ದೇ ತಪ್ಪಾಯಿತು. ಅವನು ಒಂದು ಪುಟ್ಟ ವಾಲ್ವಿನಿಂದ ಕಳಚಿಕೊಂಡಿದ್ದ ವೈರು ಹುಡುಕಿ ಸಿಕ್ಕಿಸಿದ. "ಕೀ ತೆಗೆದಾಗ ಎಂಜಿನ್ ಬಾಯಿ ಮುಚ್ಚಿಸೋದು ಇದೇ ಸಾರ್. ಇಷ್ಟು ವರ್ಷ ಸುಮ್ನೆ ಅನುಭವಿಸ್ಬುಟ್ರಿ." ವಾಗೀಶ ಥ್ಯಾಂಕ್ಸ್ ಬೇರೆ ಹೇಳಿ ಬಂದಿದ್ದರು.

ಮೂರು ಸಂಜೆ ಪಕ್ಕದ ಮನೆಯ ಬಾಗಿಲು ತೆರೆಯಲಿಲ್ಲ. ವಾಗೀಶ ಗೇಟನ್ನು ಎರಡೆರಡು ಸಲ ಹಾಕಿದರು. ತಾವೇ ಕೆಮ್ಮಿಯೂ ನೋಡಿದರು. ಕಾರಿನಷ್ಟು ಚೆನ್ನಾಗಿ ಬರಲಿಲ್ಲ. ನಾಲ್ಕನೆಯ ದಿನ ಹಾಲಿನ ಬೂತಿನಲ್ಲಿ ಸಿಕ್ಕ ಚೂಡಾಮಣಿ, ಕಾರು ಮಾರಿಬಿಟ್ಟಿರಾ ಎಂದು ಕೇಳಿದರು.

"ಇಲ್ಲ. ರಿಪೇರಿ ಆಯ್ತು."

"ಓ." ಅವರು ಹಾಲಿನ ಪೊಟ್ಟಣವನ್ನು ಆ ಕೈಯಿಂದ ಈ ಕೈಗೆ ಬದಲಿಸಿಕೊಂಡರು. "ಒಳ್ಳೇದಾಯ್ತು ಬಿಡಿ."

ವಾಗೀಶ ದಿನವೂ ವಾಕಿಂಗಿಗೆಂದು ಕುಕ್ಕರಹಳ್ಳಿ ಕೆರೆಗೆ ಕಾರಿನಲ್ಲಿ ಹೋಗುವವರು. ಅಂದು ಸಂಜೆ ನಡೆಯಲಿಲ್ಲ. ಕೆರೆಯ ಬಳಿ ಬಾನೆಟ್ ಎತ್ತಿ, ಅತ್ತಿತ್ತ ನೋಡಿ, ಪರರ ಕಾರಿಗೆ ಕೈಹಾಕಿದವರಂತೆ ಆ ವೈರು ಕಿತ್ತರು.

ಮನೆಯ ಮುಂದೆ ಕೀ ತೆಗೆದದ್ದೇ ತಡ, ಹಳೆಯ ಕೆಮ್ಮು ಮರಳಿತು. ಆ ಗದ್ದಲದಲ್ಲೂ ಪಕ್ಕದ ಮನೆಯ ಚಿಲಕ ಸರಿದದ್ದು ಕೇಳಿಸಿತು. ಚೂಡಾಮಣಿ ಏದುಸಿರು ಬಿಡುತ್ತ ಬಂದು, ಈ ಕಡೆ ನೋಡದೆ, ದಾಸವಾಳದ ಬುಡಕ್ಕೆ ಕ್ಯಾನ್ ಬಗ್ಗಿಸಿದರು. ಕಾರು ಕೆಮ್ಮಿ ಮುಗಿಸಿತು. ಅವರು ಒಳಗೆ ಹೋಗಲಿಲ್ಲ, ಬಗ್ಗಿಸಿಕೊಂಡೇ ನಿಂತಿದ್ದರು.

ಕ್ಯಾನಿನಿಂದ ಒಂದು ಹನಿಯೂ ಬೀಳುತ್ತಿರಲಿಲ್ಲ.